ಬ್ಲೌಸ್ ಪೀಸುಗಳ ಕೆಳಗಿದ್ದ ಜಾಕೆಟ್ಟು

ಆ ಬುಧವಾರ ಸಂಜೆ ನನ್ನ ಗಂಡ ಅಂಗಡಿ ಬಾಗಿಲಿನಿಂದ ಒಳಗೆ ಬಂದರು. ಯಾವತ್ತೂ ಹಾಗೆ ಬರುವವರಲ್ಲ. ಅಂಗಡಿ ಅಂದರೆ ಮಧುಗಿರಿಯ ನಮ್ಮ ಮನೆಯ ಮುಂದಿನ ಕೋಣೆ, ನಾನು ಬ್ಲೌಸು ಹೊಲಿಯುವ ಜಾಗ. ಹೆಂಗಸರು ಕೂತಿರುತ್ತಾರೆ ಅಂತ ಅವರು ಪಕ್ಕದ ಓಣಿಯಿಂದಲೇ ಮನೆಯೊಳಕ್ಕೆ ಹೋಗುತ್ತಿದ್ದರು. ಅವತ್ತು ಕಂಕುಳಲ್ಲಿ ನ್ಯೂಸ್ ಪೇಪರಿನ ದೊಡ್ಡ ಪೊಟ್ಟಣ ಇತ್ತು. ಬಂದವರೇ ಒಳಮನೆಯ ಬಾಗಿಲು ಎಳೆದು ಚಿಲಕ ಹಾಕಿದರು.

"ಅವ್ವ ಎಲ್ಲಿ?" ಅಂದರು.

"ಹಿತ್ತಲಲ್ಲಿ ಪಾತ್ರೆ ಬೆಳಗ್ತಾವ್ರೆ. ಯಾಕೆ?"

ಪೊಟ್ಟಣ ಬಿಚ್ಚಿದರು. ಒಳಗೆ ಒಂದು ಲೆದರ್ ಜಾಕೆಟ್ಟು. ಗಾಢ ಕಂದು ಬಣ್ಣ, ಒಳ್ಳೆಯ ಮಾಲು. ಬಲಗಡೆಯ ಜೇಬಿನಿಂದ ಕೆಳಗಿನ ಅಂಚಿನವರೆಗೂ ಎಣ್ಣೆ ಇಳಿದು ಕಪ್ಪಗಾಗಿತ್ತು. ಆ ಕಪ್ಪಿನ ನಡುವೆ ಅಂಗೈಯಗಲ ಜಾಗ ಬಣ್ಣ ಕಿತ್ತು ಬೂದಿ ಬಳಿದ ಹಾಗೆ ಬಿಳಚಿಕೊಂಡಿತ್ತು. ಜೇಬಿನ ಬಾಯಿ ಒಣಗಿದ ಹಪ್ಪಳದಂತೆ ಸೆಟೆದು ಒಂದು ಕಡೆ ಸೀಳಿತ್ತು.

ಅವರು ಆಗ ಸ್ವಂತ ಪಿಕಪ್ ಗಾಡಿಯನ್ನು ಪಾವಗಡದ ಕಡೆ ಸೋಲಾರ್ ಕೆಲಸದ ಸೈಟೊಂದಕ್ಕೆ ಬಾಡಿಗೆಗೆ ಓಡಿಸುತ್ತಿದ್ದರು. ಅಲ್ಲಿನ ಸೂಪರ್‌ವೈಸರ್ ಆಂಧ್ರದ ಕಡೆಯವರು. ರಜೆಗೆ ಊರಿಗೆ ಹೊರಟವರು ಮಧುಗಿರಿವರೆಗೆ ಇವರ ಗಾಡಿಯಲ್ಲಿ ಬಂದು, ಜಾಕೆಟ್ಟನ್ನು ಸೀಟಿನ ಮೇಲೇ ಮರೆತು ಬಸ್ಸು ಹತ್ತಿದ್ದರು. ಮಾರನೇ ದಿನ ಇವರು ಗೌಡಗೆರೆಗೆ ಹೋಗಿದ್ದಾಗ ನಮ್ಮತ್ತೆಯ ತಂಗಿ ಗಾಣದಲ್ಲಿ ಆಡಿಸಿದ ಕಡಲೆಕಾಯಿ ಎಣ್ಣೆಯ ಕ್ಯಾನು ಕೊಟ್ಟು ಕಳಿಸಿದ್ದರು. ಕ್ಯಾನಿನ ಮುಚ್ಚಳ ಸಡಿಲ ಇತ್ತು. ಶಿರಾ ದಾಟಿದ ಮೇಲೆ ನೋಡಿದರೆ ಅರ್ಧ ಎಣ್ಣೆ ಜಾಕೆಟ್ಟಿನ ಮೇಲೆ. ಗಾಬರಿಯಲ್ಲಿ ಪೆಟ್ರೋಲು ಸುರಿದು ಬ್ರಷ್ಷಿನಲ್ಲಿ ಉಜ್ಜಿದ್ದಾರೆ. ಅದು ಸಾಲದು ಅಂತ ಸೋಪಿನ ಪುಡಿಯಲ್ಲಿ ತೊಳೆದು, ಗಾಡಿಯ ಬಾನೆಟ್ಟಿನ ಮೇಲೆ ಬಿಸಿಲಿಗೆ ಹರಡಿದ್ದಾರೆ.

"ತುಮಕೂರಲ್ಲಿ ಎರಡು ಡ್ರೈಕ್ಲೀನ್ ಅಂಗಡಿಲಿ ಕೇಳ್ದೆ. ಆಗಲ್ಲ ಅಂದ್ಬುಟ್ರು. ಸೋಮವಾರ ವಾಪಸ್ ಬತ್ತಾರೆ. ಅಳಿಯ ಫಾರಿನ್ನಿಂದ ತಂದುಕೊಟ್ಟಿದ್ದಂತೆ. ಆ ಅಳಿಯನೂ ಸೈಟ್ ನೋಡಾಕೆ ಜೊತೇಲಿ ಬತ್ತಾನಂತೆ."

"ಅವರಿಗೆ ಹೇಳಿದ್ರಾ?"

"ಬೆಳಿಗ್ಗೆ ಫೋನ್ ಮಾಡಿದ್ರು, ಜಾಕೆಟ್ ಐತಾ ಅಂತ. ಐತೆ ಸರ್, ಜೋಪಾನವಾಗೈತೆ ಅಂದೆ."

ಗಾಡಿ ಆ ಸೈಟಿನಲ್ಲಿ ಮುಂದುವರಿಯುವುದೂ ಬಿಡುವುದೂ ಆ ಮನುಷ್ಯನ ಒಂದು ಮಾತಿನಲ್ಲಿತ್ತು. ನಾನು ಜಾಕೆಟ್ಟನ್ನು ತಿರುಗಿಸಿ ಬಿಳಚಿದ ಜಾಗದ ಮೇಲೆ ಹೆಬ್ಬೆರಳು ಒತ್ತಿ ಎಳೆದೆ. ಬಾಯಿಗೆ ಬಂದ ಮಾತು ತಡೆಯುವ ಮೊದಲೇ ಹೊರಗೆ ಬಿತ್ತು.

"ಪೆಟ್ರೋಲ್ ಯಾಕೆ ಹಾಕಿದ್ರಿ? ಪಿಗ್ಮೆಂಟ್ ಹೊಡೆದಿರೋ ಮಾಲು ಇದು, ಬಣ್ಣ ಮೇಲ್ಪದರದಲ್ಲಿ ಮಾತ್ರ ಇರುತ್ತೆ. ಫಿನಿಶ್ ಎದ್ದೋಗಿದೆ ಅಷ್ಟೆ. ತೊಗಲು ಸತ್ತಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ನಿಂಗೆ ಹೆಂಗೆ ಗೊತ್ತು?"

"ಗಾರ್ಮೆಂಟ್ಸಲ್ಲಿದ್ದಾಗ ಒಂದೆರಡು ಪೀಸು ಬಂದಿದ್ವು."

ಅದು ಸುಳ್ಳು. ನಾನು ಕೆಲಸ ಮಾಡಿದ್ದೇ ಲೆದರ್ ಗಾರ್ಮೆಂಟ್ಸಿನಲ್ಲಿ. ಕೊರಟಗೆರೆ ಕಡೆಯ ನಮ್ಮ ಹಳ್ಳಿಯಿಂದ ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋದವಳು ನಾಲ್ಕು ವರ್ಷ ಜಾಕೆಟ್ಟುಗಳ ಲೈನಿನಲ್ಲಿ ಕೂತಿದ್ದೆ. ಮೊದಲು ಅಂಟು ಹಚ್ಚುವುದು, ಆಮೇಲೆ ಜೇಬು ಕೂರಿಸುವುದು, ಕೊನೆಯ ವರ್ಷ ಕಲೆಯಾದ, ಗೀರಿದ ಪೀಸುಗಳನ್ನು ಸರಿಮಾಡುವ ಮೇಜು. ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ "ಗಾರ್ಮೆಂಟ್ಸಲ್ಲಿ ಕೆಲಸ" ಅಂದರು. ಯಾವ ಗಾರ್ಮೆಂಟ್ಸು ಅಂತ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಹೇಳದೇ ಇದ್ದುದಕ್ಕೆ ಕಾರಣ ನಮ್ಮತ್ತೆ. ಅವರ ತವರು ಐ.ಡಿ.ಹಳ್ಳಿ, ಅಣ್ಣ ದೇವರ ಪೂಜೆ ಮಾಡುವವರು. ಅತ್ತೆಯ ಮನೆಯೊಳಗೆ ತೊಗಲು ಬರುವ ಹಾಗಿಲ್ಲ. ಚಪ್ಪಲಿ ಮೆಟ್ಟಿಲ ಕೆಳಗೆ. ನನ್ನ ಗಂಡನ ಬೆಲ್ಟಿಗೆ ಓಣಿಯ ಗೋಡೆಯಲ್ಲಿ ಒಂದು ಮೊಳೆ ಇತ್ತು, ಅಲ್ಲಿ ಬಿಚ್ಚಿ ನೇತುಹಾಕಿಯೇ ಒಳಕ್ಕೆ ಬರಬೇಕು. ಮದುವೆಯಾಗಿ ಒಂಬತ್ತು ವರ್ಷ ನಾನೂ ಆ ಮೊಳೆ ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಹಿತ್ತಲ ಕಡೆಯಿಂದ ಅತ್ತೆ ಕೂಗಿದರು, "ಲೇ, ಬಂದ್ಯೇನ್ಲಾ? ಎಣ್ಣೆ ಕೊಟ್ಟು ಕಳಿಸಿದ್ಲಾ ನಿಮ್ಮ ಚಿಕ್ಕವ್ವ?"

"ತಂದಿವ್ನಿ ಕಣವ್ವ," ಅಂತ ಇವರು ಕೂಗಿ ಚಿಲಕಕ್ಕೆ ಕೈ ಹಾಕಿದರು. ಅಷ್ಟರಲ್ಲಿ ನಾನು ಜಾಕೆಟ್ಟನ್ನು ಬ್ಲೌಸ್ ಪೀಸುಗಳ ಮೂಟೆಯ ಕೆಳಗೆ ತುರುಕಿದೆ.

"ಸೋಮವಾರದೊಳಗೆ ನೋಡ್ತೀನಿ. ಅತ್ತೆಗೆ ಗೊತ್ತಾಗಬಾರದು," ಅಂದೆ.

ಗುರುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಫೋನ್ ಹಿಡಿದುಕೊಂಡು ಕೂತೆ. ಕೆಲಸ ಗೊತ್ತಿದೆ ಅಂದುಕೊಂಡಿದ್ದೆ. ಆದರೆ ಒಂಬತ್ತು ವರ್ಷ ಕೈ ಬಿಟ್ಟಿದ್ದೆ, ಇಷ್ಟೊಂದು ಎಣ್ಣೆ ಕುಡಿದ ಪೀಸು ನನ್ನ ಮೇಜಿಗೆ ಬಂದಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಅದೇ ಮೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಪಾವಗಡ ತಾಲ್ಲೂಕಿನವಳು. ಅವರಪ್ಪ ಮೆಟ್ಟು ಹೊಲಿಯುತ್ತಿದ್ದರು. ಸೂಜಿ ಹಿಡಿಯುವುದರಿಂದ ಹಿಡಿದು ಬಣ್ಣ ಕಲಸುವವರೆಗೆ ನನಗೆ ಕಲಿಸಿದವಳು ಅವಳೇ. ಒಂದೇ ರೂಮಿನಲ್ಲಿ ಎರಡು ವರ್ಷ ಇದ್ದೆವು. ನನ್ನ ಮದುವೆಗೆ ಅವಳನ್ನು ಕರೆಯಲಿಲ್ಲ. ಬಂದರೆ ಯಾರ ಹತ್ತಿರವಾದರೂ ಕೆಲಸದ ವಿಷಯ ಮಾತಾಡಿಬಿಡುತ್ತಾಳೆ ಅಂತ. ಅಷ್ಟೇ ಅಲ್ಲ, ನೀವು ಯಾವ ಪೈಕಿ ಅಂತ ಅವಳನ್ನು ಕೇಳಿಯೇ ಕೇಳುತ್ತಾರೆ ಅಂತ. ಇದನ್ನು ಬರೆಯುವಾಗಲೂ ನನಗೆ ಮುಖ ಎತ್ತಲಾಗುತ್ತಿಲ್ಲ.

ನಂಬರು ಅದೇ ಇತ್ತು. ನನ್ನ ದನಿ ಅವಳಿಗೆ ಗುರುತು ಸಿಕ್ಕಿತು.

"ಹೇಳು," ಅಂದಳು.

ಹೇಳಿದೆ. ಫೋಟೋ ಕಳಿಸು ಅಂದಳು. ಕಳಿಸಿದೆ. ಐದು ನಿಮಿಷಕ್ಕೆ ಅವಳೇ ಫೋನ್ ಮಾಡಿದಳು.

"ಮುಂದಿನಿಂದ ಉಜ್ಜಬೇಡ. ಲೈನಿಂಗಿನ ಕೆಳಗಿನ ಹೊಲಿಗೆ ಬಿಚ್ಚು, ಒಳಮೈಗೆ ಚಾಕ್‌ಪೀಸ್ ಪುಡಿ ದಪ್ಪಗೆ ಹಾಕು. ಎಣ್ಣೆನ ಒರಟು ಮೈ ಬೇಗ ಬಿಡುತ್ತೆ. ಆರು ಗಂಟೆಗೊಂದ್ಸಲ ಝಾಡಿಸಿ ಹೊಸದು ಹಾಕು. ಬಿಸಿಲು ತೋರಿಸ್ಬೇಡ. ಎಣ್ಣೆ ಪೂರಾ ಬರಲ್ಲ, ಅರ್ಧ ಬಂದ್ರೆ ಸಾಕು, ಉಳಿದಿದ್ದನ್ನ ಬಣ್ಣ ಮುಚ್ಚುತ್ತೆ. ಬಣ್ಣ ಶಿರಾದಲ್ಲಿ ಸಿಗುತ್ತೆ, ಬಸ್ ಸ್ಟ್ಯಾಂಡ್ ಹಿಂದೆ ಸೀಟ್ ಕವರ್ ಹೊಲಿಯೋ ಒಬ್ಬರು ಸಾಬರು ಅವ್ರೆ."

"ನೀನು ಹೆಂಗಿದ್ದೀಯ?" ಅಂದೆ.

"ಕೆಲಸದ ಮಾತು ಮುಗೀತಲ್ಲ, ಇಡ್ತೀನಿ," ಅಂದಳು. ಇಟ್ಟಳು.

ಅವಳು ಬೈದಿದ್ದರೆ ಚೆನ್ನಾಗಿತ್ತು. ನಾನು ಚಾಕ್‌ಪೀಸು ಕುಟ್ಟುತ್ತಾ ಕೂತೆ. ಟೈಲರ್ ಅಂಗಡಿಯಲ್ಲಿ ಚಾಕಿನ ಪುಡಿ ಯಾರಿಗೂ ಅನುಮಾನ ಹುಟ್ಟಿಸುವುದಿಲ್ಲ. ಆದರೆ ವಾಸನೆ ಇತ್ತಲ್ಲ, ಪೆಟ್ರೋಲು, ಕಡಲೆಕಾಯಿ ಎಣ್ಣೆ, ನೆನೆದ ತೊಗಲು ಮೂರೂ ಸೇರಿದ್ದು. ಮಧ್ಯಾಹ್ನ ಅತ್ತೆ ಬಾಗಿಲಲ್ಲಿ ನಿಂತು ಮೂಗು ಎಳೆದರು. "ಎಂಥದೋ ಕಮಟು ನಾತ ಬತ್ತೈತಲ್ಲಮ್ಮ?" ಮಿಷಿನ್ನಿಗೆ ಎಣ್ಣೆ ಬಿಟ್ಟೆ ಅಂದೆ. ಅವರು ಹೋದ ಮೇಲೆ ಕಿಟಕಿ ಪೂರ್ತಿ ತೆರೆದಿಟ್ಟೆ. ಮಾಗಿಯ ಚಳಿಯ ದಿನಗಳು ಅವು.

ಶುಕ್ರವಾರ ಲೈನಿಂಗ್ ಬಟ್ಟೆ ತರುವ ನೆಪದಲ್ಲಿ ಶಿರಾ ಬಸ್ಸು ಹತ್ತಿದೆ. ಜಾಕೆಟ್ಟನ್ನು ಹಳೇ ಸೀರೆಯಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದ್ದೆ. ಸೀಟ್ ಕವರಿನ ಸಾಬರು ಬಿಳಿ ಗಡ್ಡದವರು. ಬೈಕಿನ ಸೀಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಮೊಳೆ ಕೀಳುತ್ತಿದ್ದರು. ಬಣ್ಣ ಬೇಕು ಅಂದದ್ದಕ್ಕೆ ತಲೆಯೆತ್ತಲಿಲ್ಲ.

"ಬಣ್ಣ ಕೊಟ್ರೆ ಹಾಳು ಮಾಡ್ಕೊಂಡು ಬಂದು ನಮ್ಮನ್ನೇ ಬೈತೀರ ಬೇಟಿ. ಜಾಕೆಟ್ ಇಟ್ಟು ಹೋಗು. ಹದಿನೈದು ದಿನ."

"ಸೋಮವಾರ ಕೊಡಬೇಕು. ನಾನೇ ಮಾಡ್ತೀನಿ."

ಅವರು ಪಕ್ಕದ ಡಬ್ಬಿಯಿಂದ ಎರಡು ತುಂಡು ತೆಗೆದು ನನ್ನ ಮುಂದೆ ಎಸೆದರು. ಎರಡೂ ಕಂದು. ನಾನು ನಾಲಿಗೆಗೆ ಬೆರಳು ಮುಟ್ಟಿಸಿ ಎರಡರ ಮೇಲೂ ಒತ್ತಿದೆ. ಒಂದರಲ್ಲಿ ಒದ್ದೆ ಗುರುತು ಇಂಗಿ ಕಪ್ಪಾಯಿತು, ಇನ್ನೊಂದರಲ್ಲಿ ಹಾಗೇ ಮೇಲೆ ನಿಂತಿತು.

"ಇದು ಬರೀ ಡೈ, ಮೇಲೆ ಏನೂ ಹೊಡೆದಿಲ್ಲ. ಇದು ಪಿಗ್ಮೆಂಟು."

ಆಗ ತಲೆಯೆತ್ತಿದರು. "ಎಲ್ಲಿ ಕೆಲಸ ಮಾಡ್ತಿದ್ದೆ?"

"ಬೆಂಗಳೂರಲ್ಲಿ. ಲೆದರ್ ಗಾರ್ಮೆಂಟ್ಸಲ್ಲಿ."

ಮದುವೆಯಾದ ಮೇಲೆ ಆ ಮಾತನ್ನು ಯಾರ ಮುಂದಾದರೂ ಆಡಿದ್ದು ಅದೇ ಮೊದಲು. ಸಾಬರು ಜಾಕೆಟ್ಟು ಬಿಡಿಸಿ, ಬೆಳಕಿಗೆ ಹಿಡಿದು, ಒಳಮೈಗೆ ಹಾಕಿದ್ದ ಪುಡಿ ನೋಡಿ ತಲೆಯಾಡಿಸಿದರು. ಕಂದು, ಕರಿ, ಕೆಂಪು ಮೂರು ಬಣ್ಣ ಸಣ್ಣ ಬಾಟಲಿಗಳಿಗೆ ಬಗ್ಗಿಸಿದರು. ಮೇಲೆ ಹಚ್ಚುವ ಲೇಪ ಒಂದು, ಸೆಟೆದ ಜಾಗ ಮೆತ್ತಗಾಗಲು ಕ್ರೀಮು ಒಂದು. ಮೂರು ಮೂಲೆಯ ಮೊನೆ ಇರುವ ತೊಗಲಿನ ಸೂಜಿಗಳು ಎರಡು.

"ಕೆಂಪು ಜಾಸ್ತಿ ಹಾಕಬೇಡ. ನೆರಳಲ್ಲಿ ಚೆನ್ನಾಗಿ ಕಾಣುತ್ತೆ, ಬಿಸಿಲಿಗೆ ಹೋದ್ರೆ ಇಟ್ಟಿಗೆ ಥರ ಆಗುತ್ತೆ," ಅಂದರು.

ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ಸು ಇನ್ನೂ ಬಂದಿರಲಿಲ್ಲ. ಯಾರೋ ಹಿಂದಿನಿಂದ ಭುಜ ಮುಟ್ಟಿದರು. ತಿರುಗಿದರೆ ನಮ್ಮತ್ತೆಯ ತಂಗಿ, ಗೌಡಗೆರೆಯವರು.

"ನೀನೇನಮ್ಮ ಶಿರಾದಾಗೆ? ಒಬ್ಳೇ ಬಂದಿದ್ದೀಯ?"

"ಲೈನಿಂಗ್ ಬಟ್ಟೆ ತಗೊಳ್ಳಾಕೆ ಬಂದಿದ್ದೆ ಚಿಕ್ಕತ್ತೆ."

"ಎಣ್ಣೆ ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

ಅವರು ಒಳ್ಳೆಯ ಮನಸ್ಸಿನಿಂದಲೇ ಬ್ಯಾಗಿಗೆ ಕೈ ಹಾಕಿದರು, ಕೊಡು ನಾನು ಹಿಡ್ಕೋತೀನಿ ಅಂತ. ನಾನು ಬಿಡಲಿಲ್ಲ. ಇಬ್ಬರೂ ಎಳೆದೆವು. ಸೀರೆಯ ಸುತ್ತು ಸ್ವಲ್ಪ ಸಡಿಲವಾಗಿ ಜಾಕೆಟ್ಟಿನ ತೋಳಿನ ತುದಿ ಹೊರಗೆ ಕಂಡಿತು. ನಾನು ಬ್ಯಾಗನ್ನು ಎದೆಗೆ ಅವಚಿಕೊಂಡೆ.

"ಲೈನಿಂಗ್ ಬಟ್ಟೆ ಇಷ್ಟು ಭಾರ ಇರ್ತೈತಾ?" ಅಂದರು. ಅವರ ಕಣ್ಣು ಬ್ಯಾಗಿನ ಮೇಲೇ ಇತ್ತು. ಅಷ್ಟರಲ್ಲಿ ಅವರ ಬಸ್ಸು ಬಂತು.

ಶನಿವಾರ ಪೂರ್ತಿ ಹೊಲಿಗೆ. ಸೀಳಿದ ಜೇಬಿನ ಬಾಯಿಗೆ ಬೇರೆ ತೊಗಲು ಬೇಕಿತ್ತು, ಅದೇ ಬಣ್ಣದ್ದು, ಅದೇ ದಪ್ಪದ್ದು. ಅದು ಜಾಕೆಟ್ಟಿನಲ್ಲೇ ಸಿಗಬೇಕು. ಒಳಪಟ್ಟಿಯ ಕೆಳತುದಿ ಲೈನಿಂಗಿನ ಮರೆಯಲ್ಲಿರುತ್ತದೆ, ಅಲ್ಲಿಂದ ಎರಡು ಬೆರಳಗಲ ಕತ್ತರಿಸಿದೆ. ಕತ್ತರಿ ಹಾಕುವ ಮೊದಲು ಎರಡು ಸಲ ಅಳೆದಿದ್ದೆ. ಬಟ್ಟೆಯಾದರೆ ತಪ್ಪಿದ ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು. ತೊಗಲಿನಲ್ಲಿ ಸೂಜಿ ಒಂದು ಸಲ ಹೋದ ತೂತು ಹಾಗೇ ಉಳಿಯುತ್ತದೆ. ಮೋಟರು ಆರಿಸಿ, ಮಿಷಿನ್ನಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ, ಹಳೆಯ ತೂತು ತೂತಿಗೇ ಸೂಜಿ ಇಳಿಸಿದೆ. ಒಂದು ಗೇಣು ಹೊಲಿಯಲು ಒಂದು ಗಂಟೆ. ಪ್ರತಿ ಸಲ ಬಾಗಿಲ ಕಡೆ ಹೆಜ್ಜೆ ಸಪ್ಪಳವಾದಾಗ ಮೇಲೊಂದು ಸೀರೆ ಎಳೆದುಕೊಳ್ಳುತ್ತಿದ್ದೆ.

ಅವತ್ತು ಸಂಜೆ ಅತ್ತೆಗೆ ಗೌಡಗೆರೆಯಿಂದ ಫೋನು ಬಂತು. ಜಗಲಿಯಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಒಳಗೆ ಬಂದವರು ನನ್ನನ್ನು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

ಭಾನುವಾರ ಬಣ್ಣ. ಕಂದಿಗೆ ಕರಿ ಎರಡು ಹನಿ, ಕೆಂಪು ಅರ್ಧ ಹನಿ. ಕಾಲರಿನ ಅಡಿಯಲ್ಲಿ ಹಚ್ಚಿ ನೋಡಿ, ಬಾಗಿಲ ಹತ್ತಿರ ಒಯ್ದು ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಕಲಸಿದೆ. ಸ್ಪಂಜಿನ ತುಂಡಿನಲ್ಲಿ ಒತ್ತೊತ್ತಿ ಮೊದಲನೇ ಕೈ. ಒಣಗಿದ ಮೇಲೆ ಎರಡನೇ ಕೈ. ಬಿಳಚಿದ ಜಾಗ ಮೆಲ್ಲಗೆ ತುಂಬಿಕೊಂಡು ಬರುತ್ತಿತ್ತು. ಎಷ್ಟೋ ವರ್ಷದ ಮೇಲೆ ಕೈ ತಾನಾಗಿ ನಡೆಯಿತು. ಹೆದರಿಕೆಯ ಮಧ್ಯೆಯೂ ಒಂದು ಗಳಿಗೆ ನನಗೆ ಖುಷಿಯಾಯಿತು.

ಜಾಕೆಟ್ಟನ್ನು ಹ್ಯಾಂಗರಿಗೆ ಹಾಕಿ ಪರದೆಯ ಹಿಂದೆ ನೇತುಹಾಕಿದೆ. ಹಿಂದಿನ ಬೀದಿಯ ಮದುವೆ ಮನೆಯವರಿಗೆ ಅವತ್ತೇ ಬ್ಲೌಸು ಮುಟ್ಟಿಸಬೇಕಿತ್ತು. ಅರ್ಧ ಗಂಟೆ ಅಂತ ಹೋದೆ. ಅವರು ಕಾಫಿ ಕುಡಿಸಿ ಕಳಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು.

ವಾಪಸ್ ಬಂದಾಗ ಅಂಗಡಿಯ ನೆಲ ಒದ್ದೆಯಾಗಿತ್ತು. ಗಂಜಲದ ವಾಸನೆ. ಮಿಷಿನ್ನಿನ ಮೇಲೂ ಹನಿಗಳು. ಪರದೆ ಒಂದು ಕಡೆಗೆ ಸರಿದಿತ್ತು, ಹ್ಯಾಂಗರ್ ಇರಲಿಲ್ಲ. ಹೊರಗೆ ಓಡಿದೆ. ಜಾಕೆಟ್ಟು ಕಾಂಪೌಂಡ್ ಗೋಡೆಯ ಮೇಲೆ ಮುಖ ಅಡಿಯಾಗಿ ಬಿದ್ದಿತ್ತು, ಪಕ್ಕದಲ್ಲಿ ಬಟ್ಟೆ ಒಣಹಾಕುವ ಕೋಲು. ಎತ್ತಿ ತಿರುಗಿಸಿದೆ. ಹಸಿ ಬಣ್ಣಕ್ಕೆ ಗೋಡೆಯ ಸುಣ್ಣ, ಮಣ್ಣು, ರಸ್ತೆಯ ಧೂಳು ಎಲ್ಲ ಮೆತ್ತಿಕೊಂಡಿತ್ತು.

ಅತ್ತೆ ಜಗಲಿಯಲ್ಲಿ ನಿಂತಿದ್ದರು. ಸ್ನಾನ ಮಾಡಿ ಒದ್ದೆ ಕೂದಲು ಬಿಟ್ಟಿದ್ದರು.

"ನನ್ನ ತಂಗಿ ಹೇಳಿದ್ಲು, ನಾನು ನಂಬಿರಲಿಲ್ಲ. ಆಯುಧ ಪೂಜೇಲಿ ಅರಿಶಿನ ಕುಂಕುಮ ಇಕ್ಕೋ ಮಿಷಿನ್ನು ಅದು. ಅದರ ತಾವ ತೊಗಲು ತಂದು ಇಕ್ಕಿದ್ದೀಯಲ್ಲಮ್ಮ?"

ಅದೇ ಹೊತ್ತಿಗೆ ನನ್ನ ಗಂಡ ಬಂದರು. ಒಂದು ಸಲ ಜಾಕೆಟ್ಟು, ಒಂದು ಸಲ ಅವ್ವನ ಮುಖ ನೋಡಿದರು.

"ಅವ್ವ, ಅದು ನಮ್ಮ ಸೂಪರ್‌ವೈಸರ್‌ದು. ಶಿರಾ ಸಾಬರಿಗೆ ರಿಪೇರಿಗೆ ಕೊಟ್ಟಿದ್ದೆ. ಇವಳು ಹೋಗಿ ಇಸ್ಕೊಂಡು ಬಂದವ್ಳೆ ಅಷ್ಟೆಯಾ. ಇವಳೇನೂ ಮುಟ್ಟಿಲ್ಲ."

ಸುಳ್ಳು ಚೆನ್ನಾಗಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಅತ್ತೆ ನನ್ನ ಕೈ ನೋಡುತ್ತಿದ್ದರು. ನಾನೂ ನೋಡಿಕೊಂಡೆ. ಉಗುರಿನ ಸಂದಿಯವರೆಗೂ ಕಂದು ಬಣ್ಣ.

"ಅಂಗಾದ್ರೆ ಬೆರಳು ಯಾಕಿಂಗಾಗೈತೆ?" ಅಂದರು.

"ನಾನೇ ಮಾಡಿದ್ದು ಅತ್ತೆ. ಹೊಲಿದಿದ್ದೂ ನಾನೇ, ಬಣ್ಣ ಹಚ್ಚಿದ್ದೂ ನಾನೇ. ಬೆಂಗಳೂರಲ್ಲಿ ನಾಲ್ಕು ವರ್ಷ ನಾನು ಮಾಡ್ತಿದ್ದುದು ಇದೇ ಕೆಲಸ. ಅದು ಲೆದರ್ ಗಾರ್ಮೆಂಟ್ಸು."

ಅತ್ತೆಗಿಂತ ಮೊದಲು ನನ್ನ ಗಂಡನ ಮುಖ ಬದಲಾಯಿತು.

"ನಿಮ್ಮಪ್ಪಂಗೆ ಗೊತ್ತಿತ್ತಾ?" ಅತ್ತೆ ಕೇಳಿದರು.

"ಗೊತ್ತಿತ್ತು."

"ನಾಕು ವರ್ಷ ಆ ಕೈಲೇ ಉಂಡ್ಯಾ?"

"ಹೂಂ ಅತ್ತೆ. ಒಂಬತ್ತು ವರ್ಷದಿಂದ ಅದೇ ಕೈಲಿ ನಿಮಗೆ ಮುದ್ದೆ ತಿರುವಿ ಇಕ್ಕಿದ್ದೀನಿ."

ನಾನು ಅವರ ಎದುರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅವರು ಒಳಗೆ ಹೋಗಿ ದೇವರ ಕೋಣೆಯ ಬಾಗಿಲು ಹಾಕಿಕೊಂಡರು. ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಇಳಿದುಹೋದರು. ನಾನು ಜಾಕೆಟ್ಟು ಹಿಡಿದುಕೊಂಡು ಅಂಗಳದಲ್ಲಿ ಒಬ್ಬಳೇ ನಿಂತಿದ್ದೆ.

ಅಳುವುದಕ್ಕೂ ಸಮಯ ಇರಲಿಲ್ಲ. ಧೂಳು ಕೂತ ಬಣ್ಣವನ್ನು ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿ ತೆಗೆಯಬೇಕು, ಆದರೆ ಕೆಳಗಿನ ಮೈ ಕೀಳಬಾರದು. ಅಂಗಡಿ ಬಾಗಿಲು ಮುಂದೆ ಮಾಡಿಕೊಂಡು ಕೂತೆ. ಒಳಮನೆಯಿಂದ ಒಲೆ ಹಚ್ಚುವ ಸದ್ದು ಕೇಳಿಸಿತು. ಅತ್ತೆ ತಮ್ಮೊಬ್ಬರಿಗೇ ಒಂದು ಪಾವು ಅಕ್ಕಿ ಬೇಯಿಸಿಕೊಳ್ಳುತ್ತಿದ್ದರು. ಆ ಸದ್ದು ಅವರ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ದೀಪ ಹಚ್ಚುವ ಹೊತ್ತಿಗೆ ನನ್ನ ಗಂಡ ಬಂದು ಅಂಗಡಿ ಮೆಟ್ಟಿಲ ಮೇಲೆ ಕೂತರು. ನಾನು ಮೂರನೇ ಕೈ ಹಚ್ಚುತ್ತಿದ್ದೆ, ಜಾಕೆಟ್ಟು ಜಾರುತ್ತಿತ್ತು. ಎದ್ದು ಬಂದು ಭುಜದ ಕಡೆ ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಬಣ್ಣ ಒಣಗುವವರೆಗೂ ಹಾಗೇ ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ.

ಸೋಮವಾರ ಬೆಳಕು ಹರಿಯುತ್ತಲೇ ಪಾವಗಡಕ್ಕೆ ಹೊರಟೆವು. ದಾರಿಯಲ್ಲಿ ಬಣ್ಣ ಏನಾದರೂ ಆದರೆ ಅಂತ ನಾನೂ ಬಾಟಲಿಗಳ ಜೊತೆ ಹತ್ತಿದೆ. ಜಾಕೆಟ್ಟು ನನ್ನ ತೊಡೆಯ ಮೇಲೆ. ಗಾಜು ಏರಿಸಿದ್ದರೂ ಗಾಳಿ ಕೊರೆಯುತ್ತಿತ್ತು. ಬಹಳ ದೂರ ಹೋದ ಮೇಲೆ ಅವರು ಮಾತಾಡಿದರು.

"ಅವ್ವಂಗೆ ಹೇಳ್ದೆ ಇದ್ದಿದ್ದು ಸರಿ. ನಂಗೂ ಯಾಕೆ ಹೇಳ್ಲಿಲ್ಲ?"

ನಾನು ತೊಡೆಯ ಮೇಲಿನ ಜಾಕೆಟ್ಟನ್ನು ಸರಿಮಾಡಿದೆ.

"ನಾನೂ ಅವ್ವನ ಥರಾನೇ ಅಂದ್ಕೊಂಡ್ಯಾ?"

"ಮದುವೆ ಆದಾಗ ನೀವು ಹೆಂಗೆ ಅಂತ ಗೊತ್ತಿರಲಿಲ್ಲ. ಗೊತ್ತಾಗೋ ಹೊತ್ತಿಗೆ ಹೇಳೋ ಕಾಲ ಮೀರಿತ್ತು," ಅಂದೆ. "ನೀವೂ ಬೆಲ್ಟ್ ಬಿಚ್ಚಿ ಮೊಳೆಗೆ ಹಾಕೇ ಒಳಗೆ ಬರ್ತಿದ್ರಲ್ಲ."

ಅವರು ಗೇರು ಬದಲಾಯಿಸಿದರು. ಸಿಟ್ಟು ಇಳಿದಿರಲಿಲ್ಲ. ಆ ಸಿಟ್ಟಿಗೆ ಅವರಿಗೆ ಹಕ್ಕಿತ್ತು.

ಸೈಟ್ ಆಫೀಸಿನ ಮುಂದೆ ಸೂಪರ್‌ವೈಸರ್ ಮತ್ತು ಅವರ ಅಳಿಯ ಟೀ ಕುಡಿಯುತ್ತಾ ನಿಂತಿದ್ದರು. ನಾನು ಗಾಡಿಯಲ್ಲೇ ಉಳಿದೆ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ನನ್ನ ಗಂಡ ಜಾಕೆಟ್ಟು ಕೊಟ್ಟರು. ಅವರು ತೊಟ್ಟುಕೊಂಡರು. ಬಟನ್ ಹಾಕಿದರು. ಎಡಗೈ ಎಡಜೇಬಿಗೆ, ಬಲಗೈ ಬಲಜೇಬಿಗೆ. ಬಲಗೈ ಅಲ್ಲೇ ನಿಂತಿತು. ಜೇಬಿನ ಬಾಯಿಯ ಮೇಲೆ ಹೆಬ್ಬೆರಳು ಓಡಾಡಿತು. ಜಾಕೆಟ್ಟು ಬಿಚ್ಚಿ ಬಿಸಿಲಿಗೆ ಹಿಡಿದರು. ನಾನು ಬಣ್ಣವನ್ನೇ ನೋಡುತ್ತಿದ್ದೆ. ಇಟ್ಟಿಗೆ ಥರ ಆಗಿರಲಿಲ್ಲ.

"ಏಮಯ್ಯಾ, ಇದೇನು? ಈ ಜೇಬು ಹಿಂಗಿರಲಿಲ್ಲವಲ್ಲ?"

ನನ್ನ ಗಂಡ ಈ ಸಲ ನಿಜವನ್ನೇ ಹೇಳಿದರು. "ಎಣ್ಣೆ ಬಿದ್ದಿತ್ತು ಸರ್, ನನ್ನ ಗಾಡೀಲಿ. ನಾನೇ ತೊಳೆಯಾಕೆ ಹೋಗಿ ಇನ್ನೂ ಕೆಡಿಸಿದೆ. ಫೋನಲ್ಲಿ ನಿಮಗೆ ಸುಳ್ಳು ಹೇಳ್ದೆ."

"ಎವರು ಚೇಸಿನಾರು ಇದಿ? ಯಾರು ರಿಪೇರಿ ಮಾಡಿದ್ದು?"

"ನನ್ನ ಹೆಂಡ್ತಿ ಸರ್. ಬೆಂಗಳೂರಲ್ಲಿ ಲೆದರ್ ಜಾಕೆಟ್ ಫ್ಯಾಕ್ಟರೀಲಿ ಇದ್ದೋಳು. ಗಾಡೀಲಿ ಕೂತವ್ಳೆ."

ಅಳಿಯ ಜಾಕೆಟ್ಟನ್ನು ಇಸಿದುಕೊಂಡು ಎಲ್ಲಿ ಹೊಲಿದಿದೆ ಅಂತ ಹುಡುಕತೊಡಗಿದ. ಸೂಪರ್‌ವೈಸರಿಗೆ ಅದು ಮುಖ್ಯವಾಗಲಿಲ್ಲ. "ಬಟ್ಟೆ ಹೋದ್ರೆ ಹೋಯ್ತಯ್ಯಾ. ಚೆನ್ನಾಗಿದೆ ಅಂತ ಫೋನಲ್ಲಿ ಹೇಳಿದೆಯಲ್ಲ, ನಾಳೆ ಗಾಡಿ ಬ್ರೇಕು ಚೆನ್ನಾಗಿದೆ ಅಂದ್ರೆ ನಾನು ನಂಬಬೇಕಾ?" ಅಂದರು. ಇವರು ತಲೆ ತಗ್ಗಿಸಿ ನಿಂತಿದ್ದರು. ಆ ಮನುಷ್ಯ ಗಾಡಿ ಬಿಡಿಸಲಿಲ್ಲ. ಆದರೆ ಎರಡು ತಿಂಗಳು ಇವರ ಗಾಡಿ ಹತ್ತಲಿಲ್ಲ, ಬೇರೆಯವರ ಜೀಪಿನಲ್ಲಿ ಓಡಾಡಿದರು. ಆಮೇಲೆ ಒಂದು ದಿನ ಅವರ ಜೊತೆಯ ಇಂಜಿನಿಯರೊಬ್ಬರ ಲೆದರ್ ಬ್ಯಾಗು, ಪಟ್ಟಿ ಕಿತ್ತುಹೋದದ್ದು, ಇವರ ಕೈಯಲ್ಲಿ ಕೊಟ್ಟು "ಮೀ ಇಂಟಾವಿಡಕಿ ಇವ್ವು" ಅಂದರಂತೆ. ನಿನ್ನ ಹೆಂಡತಿಗೆ ಕೊಡು ಅಂತ.

ಪಾವಗಡದಿಂದ ಬಂದ ಸಂಜೆ ನಾನು ಗೆಳತಿಗೆ ಫೋನ್ ಮಾಡಿದೆ. ಜಾಕೆಟ್ಟು ಕೊಟ್ಟೆವು ಅಂದೆ. "ಒಳ್ಳೇದಾಯ್ತು" ಅಂದಳು. ಮದುವೆಗೆ ಕರೆಯದೇ ಇದ್ದದ್ದು ಯಾಕೆ ಅಂತ ಆಮೇಲೆ ಹೇಳಿದೆ, ಒಂದೂ ಮುಚ್ಚಿಡದೆ. "ನಂಗೆ ಅವತ್ತೇ ಗೊತ್ತಿತ್ತು ಬಿಡು," ಅಂದಳು. ಕ್ಷಮಿಸಿದೆ ಅನ್ನಲಿಲ್ಲ. ಈಗ ನಾನು ಫೋನ್ ಮಾಡಿದರೆ ಮಾತಾಡುತ್ತಾಳೆ. ಅವಳಾಗಿ ಮಾಡುವುದಿಲ್ಲ.

ಮನೆಯಲ್ಲಿ ಅತ್ತೆ ತಿಂಗಳುಗಟ್ಟಲೆ ಬೇರೆ ಬೇಯಿಸಿಕೊಂಡರು. ಇಂಜಿನಿಯರರ ಬ್ಯಾಗು ಬಂದಾಗ ನಾನು ಅದನ್ನು ಅವರ ಕಣ್ಣೆದುರೇ ಜಗಲಿಯ ಮೇಲಿಟ್ಟೆ. ಬ್ಲೌಸಿನ ಮಿಷಿನ್ನಿನಲ್ಲಿ ತೊಗಲು ಹೊಲಿಯುವುದಿಲ್ಲ, ಅಷ್ಟು ಮಾತು ಕೊಡ್ತೀನಿ, ಆದರೆ ಕೆಲಸ ಬಿಡಲ್ಲ ಅಂದೆ. ಅವರು ಕೈ ಚಾಚಿ ಓಣಿಯತ್ತ ತೋರಿಸಿದರು. "ಓಣಿ ಕಡೆ ಮಾಡ್ಕೊ. ಕೈಕಾಲು ತೊಳೆದು ಅಡುಗೆಮನೆಗೆ ಬಾ," ಅಂದರು. ಸಾಬರ ಹತ್ತಿರ ಹಳೆಯದೊಂದು ಭಾರದ ಮಿಷಿನ್ನು ಇತ್ತು, ಅದನ್ನು ತಂದು ಓಣಿಗೆ ಶೀಟು ಹೊದಿಸಿ ಕೂರಿಸಿದೆವು. ಮಳೆಗಾಲಕ್ಕೆ ಅತ್ತೆಯ ಮಣಿಕಟ್ಟು ನೋವು ಜೋರಾಗಿ ಹಿಟ್ಟು ತಿರುವಲಾಗದೆ ಒಂದು ಮಧ್ಯಾಹ್ನ ನನ್ನ ತಟ್ಟೆಯ ಪಕ್ಕ ತಮ್ಮ ತಟ್ಟೆಯನ್ನೂ ಇಟ್ಟರು. ನಾನು ಅದನ್ನು ಒಪ್ಪಿಗೆ ಅಂತ ತಿಳಿಯಲು ಹೋಗಲಿಲ್ಲ. ಬಡಿಸಿದೆ, ಅವರು ಉಂಡರು.

ಈಗ ವಾರಕ್ಕೆ ಒಂದೆರಡು ತೊಗಲಿನ ಕೆಲಸ ಬರುತ್ತದೆ. ಬೈಕಿನವರ ಜಾಕೆಟ್ಟು, ಹಳೇ ಬ್ಯಾಗು, ಕಾಲೇಜು ಮೇಷ್ಟ್ರೊಬ್ಬರ ಸೂಟ್‌ಕೇಸಿನ ಹಿಡಿ. ಹೋದ ತಿಂಗಳು ಐ.ಡಿ.ಹಳ್ಳಿಯಿಂದ ಅತ್ತೆಯ ತವರಿನವರು ಬಂದಿದ್ದರು. ಅವರಲ್ಲೊಬ್ಬ ಹಿರಿಯ ಹೆಂಗಸು ಓಣಿಯಲ್ಲಿ ನಿಂತು, "ಇದ್ಯಾವ ಮಿಷಿನ್ನು ಹೊರಗಿಕ್ಕಿದ್ದೀರ?" ಅಂತ ಕೇಳಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ.

"ಅದು ಬ್ಯಾರೆ ಕೆಲಸದ್ದು," ಅಂದರು ಅತ್ತೆ.

"ಬ್ಯಾರೆ ಅಂದ್ರೆ?"

ನಾನು ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದೆ.

"ತೊಗಲಿನ ಕೆಲಸದ್ದು ಅಮ್ಮ. ಜಾಕೆಟ್ಟು, ಬ್ಯಾಗು ರಿಪೇರಿ ಮಾಡ್ತೀನಿ," ಅಂದೆ.

ಅವರು ಲೋಟಕ್ಕೆ ಕೈ ಚಾಚಿದ್ದವರು ಅತ್ತೆಯ ಮುಖ ನೋಡಿದರು. ಅತ್ತೆ ಮೊದಲು ತಮ್ಮ ಲೋಟ ತೆಗೆದುಕೊಂಡು, ಊದಿ, ಕುಡಿಯತೊಡಗಿದರು.